ಒಂಬತ್ತನೇ ಹಾಳೆ

ಪ್ರೀತಿಯ ಮಗಳೇ,

"ಕಂಪನಿಯವರು ಶಾಲೆ ದತ್ತು ತಗೊಳ್ತೀವಿ ಅಂದ್ರೆ ನೀನ್ಯಾಕೆ ಆಯಿ ಅಡ್ಡಗಾಲು ಹಾಕ್ತೀಯಾ?" ಅಂತ ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆ ಮಾತು ರಾತ್ರಿಯೆಲ್ಲ ಕೊರೆಯಿತು. ಆಗ ಸರಿಯಾಗಿ ಹೇಳಲು ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೊರಗೆ ಜೋರು ಮಳೆ, ಕರೆಂಟಿಲ್ಲ.

ಮೊದಲು ಅಜ್ಜನ ವಿಷಯ. ಅಜ್ಜ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಉಪ್ಪು ನೀರು ನುಗ್ಗುವ ಗದ್ದೆಯಲ್ಲಿ, ಗೇಣಿಗೆ ಕಗ್ಗ ಬೆಳೆಯುತ್ತಿದ್ದ ಅಂತ ನಿನಗೆ ಗೊತ್ತು. ಉಪ್ಪು ನೀರಿಗೂ ಜಗ್ಗದ ಭತ್ತ ಅದು. ನೀರಲ್ಲೇ ನಿಂತು ತೆನೆ ಕೊಯ್ಯಬೇಕು. ಗೇಣಿ ಅಳೆದು ಕೊಟ್ಟ ಮೇಲೆ ಉಳಿದದ್ದು ಮಳೆಗಾಲಕ್ಕೆ ಸಾಲುತ್ತಿರಲಿಲ್ಲ. ಉಳುವವನಿಗೇ ಭೂಮಿ ಸಿಗುತ್ತದೆ ಅಂತ ಸುದ್ದಿ ಹಬ್ಬಿದ ಕಾಲಕ್ಕೆ ಒಡೆಯರ ಮನೆಯಿಂದ ಒಬ್ಬ ಕಾಗದ ಹಿಡಿದು ಬಂದ. "ಸುಮ್ನೆ ಲೆಕ್ಕಕ್ಕೆ" ಅಂದ. ಅಜ್ಜ ಹೆಬ್ಬೆಟ್ಟು ಒತ್ತಿದ. ಹೊಳೆಬದಿಯ ಗದ್ದೆಯಲ್ಲಿ ತಾನು ಬರೀ ಕೂಲಿಯವ, ಗೇಣಿದಾರ ಅಲ್ಲ ಅಂತ ಅದರಲ್ಲಿ ಬರೆದಿತ್ತು. ಆ ಗದ್ದೆ ಹಾಗೇ ಹೋಯಿತು.

ಉಳಿದ ತುಂಡಿಗೆ 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಅಜ್ಜನೇ ಗೇಣಿದಾರ ಅಂತ ಡಿಕ್ಲರೇಶನ್ ಬರೆದುಕೊಟ್ಟವರು ನಮ್ಮ ಕನ್ನಡ ಶಾಲೆಯ ಮಾಸ್ತರು. ಚಿಮಣಿ ಬುಡ್ಡಿಯ ಬೆಳಕಲ್ಲಿ ಕೂತು ಏಳನೇ ನಂಬರಿನ ಫಾರಂ ತುಂಬಿದರಂತೆ. ಒಂದೊಂದು ಸಾಲನ್ನೂ ಅಜ್ಜನಿಗೆ ಎರಡೆರಡು ಸಲ ಓದಿ ಹೇಳಿದರಂತೆ. ನಾವು ಇವತ್ತು ಉಣ್ಣುವ ಅನ್ನ ಆ ಫಾರಮ್ಮಿನದು, ಮಗಳೇ. ಭೂಮಿ ಹೆಸರಿಗೆ ಬಂದ ಮೇಲೆ ಅಜ್ಜ ಶಾಲೆಯ ಆಟದ ಬಯಲಿಗೆ ಎರಡು ಗುಂಟೆ ಬಿಟ್ಟುಕೊಟ್ಟ. ನೀನು ಲಗೋರಿ ಆಡಿದ್ದು ಅಲ್ಲೇ.

ದುಡ್ಡಿದ್ದವರು, ಸಂಸ್ಥೆ ಕಟ್ಟಿದವರು ಎಲ್ಲರೂ ಕೆಟ್ಟವರು ಅಂತ ನಾನು ಯಾವತ್ತೂ ಹೇಳಿಲ್ಲ. ದಿನಕರ ದೇಸಾಯಿಯವರು ಗೇಣಿ ರೈತರ ಪರ ನಿಂತಿದ್ದಕ್ಕೆ ಬ್ರಿಟಿಷರು ಅವರನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಅವರೇ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಕರಾವಳಿಯಲ್ಲಿ ಹೈಸ್ಕೂಲು ತೆರೆದರು. ಅಂಥದ್ದೊಂದು ಹೈಸ್ಕೂಲಿನಲ್ಲೇ ನಾನು ಎಸ್ಸೆಸ್ಸೆಲ್ಸಿ ಮಾಡಿದ್ದು. ಅವರು ಯಾರಿಗಾಗಿ ಶಾಲೆ ಕಟ್ಟುತ್ತಿದ್ದಾರೆ ಅಂತ ಊರಿಗೆ ಗೊತ್ತಿತ್ತು.

ಈಗ ನಮ್ಮ ಶಾಲೆ ಹೇಗಿದೆ ಅಂತ ನೀನು ನೋಡಿ ಎರಡು ವರ್ಷ ಆಯಿತು. ಐದು ತರಗತಿಗೆ ಇಬ್ಬರೇ ಟೀಚರು. ಅವರಲ್ಲೊಬ್ಬರು ಅತಿಥಿ ಶಿಕ್ಷಕಿ, ಅವರ ಸಂಬಳ ತಿಂಗಳುಗಟ್ಟಲೆ ತಡ. ಒಂದರಿಂದ ಮೂರರ ಮಕ್ಕಳು ಹೇಗೂ ನಲಿ-ಕಲಿಯಲ್ಲಿ ಒಟ್ಟಿಗೇ ಕೂರುತ್ತಾರೆ. ನಾಲ್ಕು, ಐದನೆಯವರ ಕೋಣೆಯಲ್ಲಿ ಮಾಡಿನ ಮರದ ಪಕಾಸು ಗೆದ್ದಲು ಹಿಡಿದು ಹಂಚು ಜಾರಿದೆ. ಮಳೆ ಬಂದರೆ ನಿನ್ನ ತಮ್ಮನೇ ಎದ್ದು ಬಕೆಟ್ ಇಡುತ್ತಾನೆ. ಬಕೆಟ್ ತುಂಬಿದಾಗ ಟೀಚರು ಪಾಠ ನಿಲ್ಲಿಸುತ್ತಾರೆ, ಅವನು ಹೋಗಿ ಚೆಲ್ಲಿ ಬರುತ್ತಾನೆ. ಮೊನ್ನೆ ಅವನು ಬರೆಯುವ ಪಟ್ಟಿ ಪೂರಾ ಒದ್ದೆ. ಬಿಸಿಯೂಟದ ಒಲೆಯ ಹತ್ತಿರ ಒಣಗಿಸಿ ತಂದಿದ್ದ, ಹಾಳೆಗಳೆಲ್ಲ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ರಿಪೇರಿಗೆ ಮೂರು ಸಲ ಅರ್ಜಿ ಕೊಟ್ಟೆವು. "ಅನುದಾನ ಬಂದಿಲ್ಲ" ಅನ್ನುವ ಉತ್ತರ ನನಗೆ ಬಾಯಿಪಾಠ ಆಗಿದೆ.

ಕಂಪನಿಯವರು ಬೇಸಿಗೆಯಲ್ಲಿ ಬಂದರು. ಹೊರಗೋಡೆಗೆ ಬಣ್ಣ ಬಳಿದು ರೈಲು ಡಬ್ಬಿಯ ಚಿತ್ರ ಬಿಡಿಸಿದರು, ಮಕ್ಕಳ ಕೈಗೆ ಬ್ಯಾಗು ಕೊಟ್ಟು ಫೋಟೋ ಹೊಡೆದರು. ಮಾಡಿನ ಕಡೆ ಯಾರೂ ಕತ್ತೆತ್ತಿ ನೋಡಲಿಲ್ಲ. ನಾನೇ ತೋರಿಸಿದೆ. "ಮುಂದಿನ ಹಂತದಲ್ಲಿ" ಅಂದರು. ಊರಿನವರು ಅವರಿಗೆ ಕೈಮುಗಿದು ನಿಂತಿದ್ದು ನೋಡಿ ನನಗೆ ಸಂಕಟ ಆಯಿತು. ದೊಡ್ಡ ಲಾಭದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಲೇಬೇಕು ಅಂತ 2013ರ ಕಾನೂನೇ ಹೇಳುತ್ತದೆ. ಟೀಚರು ನನಗೆ ತೋರಿಸಿದರು. ಅದು ಭಿಕ್ಷೆ ಅಲ್ಲ, ನಾವು ಬಗ್ಗಿ ನಿಲ್ಲಬೇಕಾಗಿಲ್ಲ.

ಈ ಜಿಲ್ಲೆಯವರು ಕೊಟ್ಟಿದ್ದು ಕಡಿಮೆಯೇನಲ್ಲ. ಕರೆಂಟಿಗಾಗಿ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಇಡೀ ಸೂಪಾ ಪೇಟೆಯೇ ಮುಳುಗಿತು. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲೆಯ ಕಡಲಂಚಿನ ಊರುಗಳು ಎದ್ದು ಹೋದವು, ಪರಿಹಾರದ ಕೇಸುಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದವು. ದೇಶಕ್ಕೆ ಬೇಕಿತ್ತು, ಸರಿ. ಆದರೆ ಅಷ್ಟು ಕೊಟ್ಟ ಜಿಲ್ಲೆಯಲ್ಲಿ ಒಂದು ಶಾಲೆಯ ಹಂಚು ಹೊದಿಸಲು ದುಡ್ಡಿಲ್ಲ ಅಂದರೆ ನಾನು ಹೇಗೆ ನಂಬಲಿ, ಹೇಳು.

ಮೊನ್ನೆ ಅವರು ಒಪ್ಪಿಗೆ ಪತ್ರ ಕಳಿಸಿದ್ದಾರೆ. ಹದಿನಾಲ್ಕು ಹಾಳೆ, ಎಲ್ಲ ಇಂಗ್ಲಿಷು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷೆ ಅಂತ ನಾನು ಸಹಿ ಹಾಕಬೇಕಂತೆ. "ಬರೀ ಫಾರ್ಮಾಲಿಟಿ ಅಕ್ಕಾ" ಅಂದ ಕಂಪನಿಯ ಹುಡುಗ, ನಗುನಗುತ್ತಾ. ಕೆಟ್ಟ ಹುಡುಗ ಏನಲ್ಲ. ನನಗೆ ಮಾತ್ರ ಅಜ್ಜನ ಹೆಬ್ಬೆರಳು ಕಣ್ಣಿಗೆ ಬಂತು. ಕನ್ನಡದಲ್ಲಿ ಬರೆದು ಕೊಡಿ ಅಂದೆ. ನೋಡೋಣ ಅಂದಿದ್ದಾನೆ.

ಡಿಕ್ಷನರಿ ಇಟ್ಟುಕೊಂಡು ಒಂಬತ್ತನೇ ಹಾಳೆಯವರೆಗೆ ಬಂದಿದ್ದೇನೆ. ಅಲ್ಲಿ ಆಟದ ಬಯಲಿನ ಮಾತು ಬರುತ್ತದೆ. 30 ವರ್ಷ ಅಂತ ಇದೆ, 'ಲೀಸ್' ಅಂತ ಇದೆ. ಲೀಸ್ ಅಂದರೆ ಗೇಣಿ ಅಲ್ವಾ?

ಕರೆಂಟ್ ಬಂದ ಕೂಡಲೇ ಎಲ್ಲ ಹಾಳೆಗಳ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಶನಿವಾರ ಮೀಟಿಂಗು. ಅದರೊಳಗೆ ಒಂದೊಂದು ಸಾಲನ್ನೂ ಓದಿ ನನಗೆ ಹೇಳು. ಎರಡೆರಡು ಸಲ ಹೇಳು.

ಇಂತಿ ನಿನ್ನ,
ಆಯಿ