ಭರತ ಏರುವ ಹೊತ್ತಿಗೆ ಬಾ

ಪ್ರೀತಿಯ ಗೆಳೆಯ,

ಹಕ್ಕಿ ನೋಡೋಕೆ ಅಂತ ಹೋಗಿ, ನದಿ ಕಡಲು ಸೇರುವ ಅಳಿವೆಯ ಹತ್ತಿರ ಎರಡು ಗಂಟೆ ನಿಂತರೂ ನಾಲ್ಕು ಬೆಳ್ಳಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ ಅಂತ ಬರೆದಿದ್ದೀಯ. ಬೇಜಾರು ಮಾಡ್ಕೋಬೇಡ, ಜಾಗ ಸರಿಯಾಗಿಯೇ ಇತ್ತು, ಹೊತ್ತು ತಪ್ಪಿತು. ಪೂರ್ತಿ ಇಳಿತವಿದ್ದಾಗ ಕೆಸರು ಬಯಲು ಎಲ್ಲೋ ದೂರದವರೆಗೂ ತೆರೆದುಕೊಂಡಿರುತ್ತದೆ, ಹಕ್ಕಿಗಳು ನೀರಂಚಿನಲ್ಲಿ ಚದುರಿ ಮೇಯುತ್ತಿರುತ್ತವೆ, ದಡದಿಂದ ನೋಡಿದರೆ ಬರೀ ಚುಕ್ಕಿ ಕಾಣುತ್ತದೆ.

ಭರತ, ಅಂದರೆ ಕಡಲ ನೀರಿನ ಉಬ್ಬರ, ತುಂಬುವುದಕ್ಕೆ ಎರಡು ಗಂಟೆ ಮೊದಲೇ ಹೋಗಿ ಸುಮ್ನೆ ಕೂತುಬಿಡು. ಬಿಸಿಲು ಬೆನ್ನಿಗಿರಲಿ. ನೀರು ಏರಿದ ಹಾಗೆ ಕೆಸರು ಕಡಿಮೆಯಾಗುತ್ತದೆ, ಹಕ್ಕಿಗಳು ತಾವಾಗಿಯೇ ನಿನ್ನ ಕಡೆ ಸರಿಯುತ್ತವೆ. ಭರತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ.

ಹೆಸರು ಆಮೇಲೆ ಕಲಿಯಬಹುದು, ಮೊದಲು ಮೇಯುವ ರೀತಿ ನೋಡು. ಪ್ಲೋವರ್ ಅನ್ನೋ ಹಕ್ಕಿ ನಾಲ್ಕು ಹೆಜ್ಜೆ ಓಡುತ್ತದೆ, ತಟಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ. ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಕರ್ಲ್ಯೂ ಹಕ್ಕಿ ಬಾಗಿದ ಉದ್ದ ಕೊಕ್ಕನ್ನು ಕೆಸರಿನೊಳಗೆ ಇಳಿಸಿ ಏಡಿ ಎಳೆದು ತೆಗೆಯುತ್ತದೆ. ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದ.

ನನಗೆ ಮಾತ್ರ ಸ್ಯಾಂಡರ್ಲಿಂಗ್ ಅನ್ನೋ ಪುಟ್ಟ ಕಡಲತೀರದ ಹಕ್ಕಿ ಅಂದರೆ ಪ್ರಾಣ. ಅಲೆ ಹಿಂದೆ ಸರಿದರೆ ಅದರ ಬೆನ್ನು ಹತ್ತಿ ಓಡುತ್ತವೆ, ಮುಂದಿನ ಅಲೆ ಬರುತ್ತಿದ್ದ ಹಾಗೆ ಎಲ್ಲ ಒಟ್ಟಿಗೇ ವಾಪಸ್. ಅದಕ್ಕೆ ಹಿಂಬೆರಳೇ ಇಲ್ಲ, ಒದ್ದೆ ಮರಳಿನ ಮೇಲೆ ಮೂರೇ ಬೆರಳಿನ ಗುರುತು. ಮೊನ್ನೆ ಒಂದು ಹತ್ತೇ ಹೆಜ್ಜೆ ದೂರದಲ್ಲಿತ್ತು. ಕಪ್ಪು ಕಾಲಿಗೆ ಬಣ್ಣದ ಸಣ್ಣ ಪಟ್ಟಿ, ಅದರ ಮೇಲೆ ಮೂರು ಅಕ್ಷರ. ಎಲ್ಲೋ ಯಾರೋ ಹಿಡಿದು, ಗುರುತು ಹಾಕಿ ಬಿಟ್ಟಿದ್ದಾರೆ, ಅಕ್ಷರ ಓದಿ ತಿಳಿಸಿದರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಎರಡು ಅಕ್ಷರ ಓದಿದೆ. ಮೂರನೆಯದು ಕಾಣಲಿ ಅಂತ ಒಂದು ಹೆಜ್ಜೆ ಮುಂದಿಟ್ಟೆ ನೋಡು, ಇಡೀ ಹಿಂಡು ಎದ್ದು ಹೋಯಿತು.

ಅವುಗಳನ್ನು ಎಬ್ಬಿಸಿಬಿಟ್ಟೆನಲ್ಲ ಅಂತ ಅವತ್ತಿಡೀ ಮನಸ್ಸಿಗೆ ಸಮಾಧಾನ ಇರಲಿಲ್ಲ. ಇಂಥ ವಲಸೆ ಹಕ್ಕಿಗಳು ಎಷ್ಟು ದೂರ ಹಾರುತ್ತವೆ ನೋಡು. 2022ರಲ್ಲಿ ಗಾಡ್ವಿಟ್ ಅನ್ನೋ ಉದ್ದ ಕೊಕ್ಕಿನ ಹಕ್ಕಿಯ ಐದು ತಿಂಗಳ ಒಂದು ಮರಿ ಅಮೆರಿಕದ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿತು. ಆ ಜಾತಿಯ ಹಕ್ಕಿಗಳು ಹೊರಡುವ ಮೊದಲು ಮೈತುಂಬ ಕೊಬ್ಬು ಕೂಡಿಸಿಕೊಳ್ಳುತ್ತವೆ, ಭಾರ ಕಡಿಮೆಯಾಗಲಿ ಅಂತ ಅವುಗಳ ಕರುಳು, ಯಕೃತ್ತು (ಲಿವರ್) ಕೂಡ ಕುಗ್ಗುತ್ತವೆ. ಅಷ್ಟು ಲೆಕ್ಕ ಹಾಕಿ ಬದುಕುವ ಜೀವಗಳು ಭರತದ ಹೊತ್ತಲ್ಲಿ ಮರಳ ದಿಣ್ಣೆ ಮೇಲೆ ಒಂಟಿಕಾಲಲ್ಲಿ ನಿಂತು ಸುಧಾರಿಸಿಕೊಳ್ಳುವಾಗ ನಾವು ಫೋಟೋಗೋಸ್ಕರ ಎಬ್ಬಿಸಿದರೆ ಕೂಡಿಟ್ಟ ಕೊಬ್ಬು ಸುಮ್ನೆ ಕರಗುತ್ತದೆ, ಅಲ್ವಾ? ಹಕ್ಕಿ ಮೇಯುವುದು ಬಿಟ್ಟು ತಲೆ ಎತ್ತಿತು ಅಂದರೆ ನೀನು ಹತ್ತಿರ ಹೋಗಿದ್ದು ಜಾಸ್ತಿಯಾಯಿತು ಅಂತಲೇ ತಿಳಿ. ಅಲ್ಲೇ ಕೂರು, ಇಲ್ಲ ಹಿಂದೆ ಸರಿ.

ಮುಂದಿನ ಹುಣ್ಣಿಮೆಗೆ ನೀರು ದಿಣ್ಣೆಯ ಅಂಚಿನವರೆಗೂ ಬರುತ್ತದೆ, ಹಕ್ಕಿಗಳು ಒಂದೇ ಕಡೆ ಒತ್ತಾಗಿ ಕೂರುತ್ತವೆ. ಬಂದುಬಿಡು. ನಿನ್ನ ಹಳೇ ಬೈನಾಕ್ಯುಲರ್ ಸಾಕು. ಆ ಪಟ್ಟಿಯ ಮೂರನೇ ಅಕ್ಷರ ಇನ್ನೂ ಬಾಕಿ ಇದೆ.

ನಿನ್ನ ಗೆಳೆಯ