ಒಪ್ಪಿಟ್ಟದ್ದು ನಾನು, ಒಪ್ಪಿದ್ದು ನಾನಲ್ಲ: ಉನ್ನತ ಶಿಕ್ಷಣ ಸಚಿವರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕೇರಳ ಸರಕಾರ, ತಿರುವನಂತಪುರ.

ಸನ್ಮಾನ್ಯರೇ,

ನನಗೆ ಓದಲು ಬಾರದ ಮಲಯಾಳದ ಒಂದು ಸಮ್ಮತಿಪತ್ರಕ್ಕೆ ನಾನು ಹಾಕಿದ ಸಹಿಯಿಂದ ನನ್ನ ಮಗಳ ವಿದೇಶ ಪ್ರವಾಸ ತಪ್ಪಿಹೋಯಿತು. ಅದರ ಬಗ್ಗೆ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹಾಗಾಗಿ ಇದನ್ನು ಮಲಯಾಳಕ್ಕೆ ಭಾಷಾಂತರ ಮಾಡಿಸುವ ಕೆಲಸ ಈ ಸಲ ನಿಮ್ಮ ಕಚೇರಿಯದ್ದು. ಎಂಟು ತಿಂಗಳಿಂದ ಆ ಕೆಲಸ ಮಾಡಿಸಿ ಮಾಡಿಸಿ ನನಗೆ ಸಾಕಾಗಿದೆ.

ನಾನು ಬದಿಯಡ್ಕದ ಹತ್ತಿರದ ಒಬ್ಬ ಅಡಕೆ ಕೃಷಿಕ. ಆ ಕಾಯ್ದೆಯೂ ನಾನೂ ಒಂದೇ ಪ್ರಾಯದವರು. ನಾನು ಓದಿದ್ದು ಹತ್ತನೆಯ ತನಕ, ಕನ್ನಡ ಮಾಧ್ಯಮದಲ್ಲಿ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಪೇಟೆಯಲ್ಲಿ ಅಗತ್ಯಕ್ಕೆ ತಕ್ಕಷ್ಟು ಮಾತಾಡುತ್ತೇನೆ. ಆದರೆ ಆ ಲಿಪಿ ಓದಲು ಬರುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದವರು ನಮ್ಮ ಅಪ್ಪಂದಿರನ್ನು ಕೇಳಿ ಎಳೆದದ್ದಲ್ಲ.

ನನ್ನ ಮಗಳು ತಿರುವನಂತಪುರದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದಲ್ಲಿದ್ದಾಳೆ. ಟೆಕ್ನಾಲಜಿ ಉದ್ಯಮಶೀಲತೆ ಅಂತ ಒಂದು ವಿಷಯ ತೆಗೆದುಕೊಂಡಿದ್ದಾಳೆ. ಹಾಗೆಂದರೆ ಎಂತದ್ದು ಎಂದು ಮೊದಲು ನನಗೂ ಗೊತ್ತಿರಲಿಲ್ಲ. ಅವಳು ನಮ್ಮ ಅಂಗಳಕ್ಕೆ ಒಂದು ಸಾಧನ ಮಾಡಿ ತಂದ ದಿನ ಗೊತ್ತಾಯಿತು. ಚಾಲಿ, ಅಂದರೆ ಒಣ ಅಡಕೆ, ಮಾಡಲು ಅಡಕೆಯನ್ನು 40ರಿಂದ 45 ದಿನ ಬಿಸಿಲಿಗೆ ಹರಡಬೇಕು. ನಡುವೆ ಅಕಾಲದ ಒಂದು ಮಳೆ ಬಂದರೆ ಬೂಷ್ಟು ಹಿಡಿದು ಕೋಕದ, ಅಂದರೆ ಹಾಳಾದ ಅಡಕೆಯ, ರೇಟಿಗೆ ಹೋಗುತ್ತದೆ. ಅವಳ ಡಬ್ಬಿ, ಒಂದು ಸಾಬೂನು ಪೆಟ್ಟಿಗೆಯಷ್ಟು ದೊಡ್ಡದು, ಅಡಕೆ ರಾಶಿಯ ಹತ್ತಿರ ಇಟ್ಟರೆ ಗಾಳಿಯ ತೇವ ನೋಡಿ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಕಳೆದ ವರ್ಷ ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಅಡ್ಡಾಗಿದ್ದಾಗ ಫೋನು ಕಿರುಚಿತು. ಹೊರಗೆ ಬಂದು ನೋಡಿದರೆ ಪಡುವಣ ಕಪ್ಪಾಗಿತ್ತು. ಟಾರ್ಪಾಲು ಎಳೆದು ಮುಗಿಸುವಷ್ಟರಲ್ಲಿ ಮೊದಲ ಹನಿ ಬಿತ್ತು. ನನ್ನ ಹೆಂಡತಿ ಆ ಡಬ್ಬಿಗೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿದ್ದಾಳೆ.

ಈ ಡಬ್ಬಿಗಾಗಿ ಅವಳಿಗೆ ಕಾಲೇಜಿನ ಅಧ್ಯಯನ ಪ್ರವಾಸದಲ್ಲಿ ಸೀಟು ಸಿಕ್ಕಿತು. ಎಂಟು ದಿನ ಸಿಂಗಾಪುರ. ಇಪ್ಪತ್ತು ಮಕ್ಕಳಲ್ಲಿ ಒಬ್ಬಳು, ಆಯ್ಕೆ ಪಟ್ಟಿಯಲ್ಲಿ ನಾಲ್ಕನೆಯವಳು. ಹೆಚ್ಚಿನ ಖರ್ಚು ಕಾಲೇಜಿನದ್ದು, ರಕ್ಷಕರ ಪಾಲು 40,000 ರೂಪಾಯಿ. ಪಾಸ್‌ಪೋರ್ಟಿಗೆ 1,500 ಕಟ್ಟಿ ಮೊದಲೇ ಮಾಡಿಸಿಟ್ಟಿದ್ದೆವು. 40,000ಕ್ಕೆ ಹೆಂಡತಿಯ ಎರಡು ಬಳೆ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟೆ.

ಆಮೇಲೆ ಒಂದು ಫಾರ್ಮು ಬಂತು. ಪ್ರವಾಸದ ನೋಟೀಸು, ವೇಳಾಪಟ್ಟಿ, ವೀಸಾದ ಕಾಗದ ಎಲ್ಲ ಇಂಗ್ಲಿಷಿನಲ್ಲಿತ್ತು, ತಡವರಿಸಿಕೊಂಡು ಓದಿದೆ. ರಕ್ಷಕರ ಸಮ್ಮತಿಪತ್ರ ಮಾತ್ರ ಮಲಯಾಳದಲ್ಲಿ. ಯಾಕೆಂದು ಆಮೇಲೆ ಕೇಳಿದಾಗ ಸಿಕ್ಕಿದ ಉತ್ತರ, "ತಂದೆತಾಯಿಗಳಿಗೆ ಮಾತೃಭಾಷೆಯಲ್ಲಿ ಅರ್ಥವಾಗಲಿ ಅಂತ." ಎಂತಹ ಕಾಳಜಿ! ಯಾರ ಮಾತೃಭಾಷೆ ಎಂದು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ಅಂಚೆಯಲ್ಲಿ ಬಂದಾಗ ವಾಪಸು ಕಳುಹಿಸಲು ಎರಡೇ ದಿನ ಉಳಿದಿತ್ತು. ಕಾಲೇಜಿನ ಕಚೇರಿಗೆ ಫೋನು ಮಾಡಿ, "ಇದರಲ್ಲಿ ಎಂತ ಮಾಡಬೇಕು?" ಎಂದು ನನ್ನ ಮುರುಕು ಮಲಯಾಳದಲ್ಲಿ ಕೇಳಿದೆ. ಆ ಕಡೆಯವರು "ಒಪ್ಪಿಟ್ಟಾಲ್ ಮದಿ" ಎಂದು ಹೇಳಿ ಇಟ್ಟುಬಿಟ್ಟರು. ಒಪ್ಪಿದರೆ ಸಾಕಲ್ಲ ಎಂದು ನಾನು ನಿರಾಳವಾದೆ. ಅವರ 'ಒಪ್ಪ್' ಎಂದರೆ ಸಹಿ, ನಮ್ಮ 'ಒಪ್ಪು' ಎಂದರೆ ಸಮ್ಮತಿ. ಹಳೆಯ ಕನ್ನಡ ಶಾಸನಗಳ ಕೊನೆಯಲ್ಲಿ ರುಜುವಿಗೆ 'ಒಪ್ಪ' ಎಂದೇ ಹೇಳುತ್ತಿದ್ದರಂತೆ. ಅಂದರೆ ಆ ಗುಮಾಸ್ತರು ನಮ್ಮ ಹಿರಿಯರ ಮಾತನ್ನೇ ಆಡಿದ್ದು, ಅರ್ಥವಾಗದೇ ಹೋದದ್ದು ನನಗೆ. ಇರಲಿ.

ಫಾರ್ಮಿನ ಅಡಿಯಲ್ಲಿ ಎರಡು ಚೌಕ ಇತ್ತು, ಎಡಕ್ಕೊಂದು, ಬಲಕ್ಕೊಂದು. ನಾನು ಜೀವಮಾನದಲ್ಲಿ ಸಹಿ ಹಾಕಿದ್ದೆಲ್ಲ ಸೊಸೈಟಿಯ ಸಾಲಪತ್ರಕ್ಕೆ, ಅಲ್ಲಿ ಸಹಿ ಬಲಗಡೆ ಕೆಳಗೆ. ಇಲ್ಲೂ ಬಲಗಡೆ ಹಾಕಿದೆ. 40,000ದ ಡಿಡಿಯನ್ನು ಅದಕ್ಕೇ ಪಿನ್ ಹೊಡೆದು ಸ್ಪೀಡ್ ಪೋಸ್ಟ್ ಮಾಡಿದೆ. ಮಗಳಿಗೆ ಫೋಟೊ ಕಳುಹಿಸಿ ಕೇಳಬಹುದಿತ್ತಲ್ಲ ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಆ ದಿನ ಅವಳಿಗೆ ಲ್ಯಾಬ್ ಪರೀಕ್ಷೆ ಇತ್ತು. ಒಂದು ಸಹಿಗಾಗಿ ತೊಂದರೆ ಕೊಡುವುದು ಯಾಕೆಂದು ಸುಮ್ಮನಾದೆ.

ಮೂರು ವಾರ ಕಳೆದು ಅಂತಿಮ ಪಟ್ಟಿ ಬಂತು. ಅವಳ ಹೆಸರು ಇಲ್ಲ, ವೈಟಿಂಗ್ ಲಿಸ್ಟಿನ ಮೊದಲ ಹೆಸರು ಒಳಗೆ ಬಂದಿತ್ತು. ಕಚೇರಿಯವರು ಅವಳಿಗೆ ಫಾರ್ಮು ತೋರಿಸಿದರಂತೆ, "ನಿನ್ನ ಅಪ್ಪನೇ ಬೇಡ ಅಂತ ಬರೆದಿದ್ದಾರೆ." ಆ ರಾತ್ರಿ ಅವಳು ಫೋನಿನಲ್ಲಿ ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಪರವಾಗಿಲ್ಲಪ್ಪ" ಎಂದಳು, ಅಮ್ಮನಿಗೆ ಫೋನು ಕೊಡಲು ಹೇಳಿದಳು.

ನಾನು ನಂಬಲಿಲ್ಲ. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಆ ಫಾರ್ಮಿನ ಪ್ರತಿ ತರಿಸಿದೆ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ನನ್ನ ಬ್ಯಾರಿ ಸ್ನೇಹಿತರಿಗೆ ಮಲಯಾಳ ಓದಲು ಬರುತ್ತದೆ. ಅವರು ತಕ್ಕಡಿಯ ತಟ್ಟೆ ಬದಿಗಿಟ್ಟು, ಕಾಗದ ಹರಡಿ, ಬೆರಳಿಟ್ಟು ಓದಿದರು. ಎಡದ ಚೌಕದ ಮೇಲೆ 'ಸಮ್ಮತಮಾಣ್'. ಬಲದ್ದರ ಮೇಲೆ ಬೆರಳು ನಿಂತಿತು. 'ಸಮ್ಮತಮಲ್ಲ'. ಅದರ ಕೆಳಗೆ ನನ್ನ ಕನ್ನಡದ ಸಹಿ, ಬಾಲ ಸಮೇತ. "ಅಣ್ಣೇರೆ, ಇದಕ್ಕೆ ಎಂತಕ್ಕೆ ಸೈನ್ ಹಾಕಿದ್ದು? ಇದು ಬೇಡ ಅಂತ ಅಲ್ವಾ?" ಎಂದರು. ಕಿವಿಗೆ ಬಿದ್ದ ಕೂಡಲೇ ಎರಡೂ ಅರ್ಥವಾಯಿತು ನನಗೆ. ಯಾರಾದರೂ ಒಬ್ಬರು ಗಟ್ಟಿಯಾಗಿ ಓದಿ ಹೇಳಿದ್ದರೆ ಸಾಕಿತ್ತು.

ಸಚಿವರೇ, ನನ್ನದು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಸಮ್ಮತಿ ಇಲ್ಲದವನು 40,000 ರೂಪಾಯಿಯ ಡಿಡಿಯನ್ನು ಯಾಕೆ ಪಿನ್ ಹೊಡೆದು ಕಳುಹಿಸುತ್ತಾನೆ? ಬೇಡ ಎಂದದ್ದಕ್ಕೆ ದಕ್ಷಿಣೆಯೇ? ಆ ಕಾಗದ ಬಿಚ್ಚಿದವರಿಗೆ ಡಿಡಿ ಕಂಡಿತು, ಸಹಿ ಕಂಡಿತು, ಎರಡನ್ನೂ ಸೇರಿಸಿ ನೋಡುವಷ್ಟು ಪುರುಸೊತ್ತು ಇರಲಿಲ್ಲ. ಫಾರ್ಮಿನಲ್ಲಿ ನನ್ನ ನಂಬರು ಇತ್ತು. ಒಂದು ಫೋನು ಬರಲಿಲ್ಲ. ಡಿಡಿ ಮಾತ್ರ, ಮಕ್ಕಳು ಸಿಂಗಾಪುರಕ್ಕೆ ಹೋಗಿ ಬಂದ ಮೇಲೆ, ಮೂರು ತಿಂಗಳ ಅವಧಿ ಮುಗಿದು ವಾಪಸು ಬಂತು. ಅದನ್ನು ರದ್ದು ಮಾಡಿಸಲು ಬ್ಯಾಂಕಿಗೆ ಮೂರು ಸಲ ಹೋದೆ. ಬಳೆ ಬಿಡಿಸುವಾಗ ಬಡ್ಡಿ 1,640 ರೂಪಾಯಿ.

ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಕಾಲೇಜಿಗೂ ಹೋದೆ. ಮಧ್ಯಾಹ್ನದವರೆಗೆ ಬೆಂಚಿನಲ್ಲಿ ಕೂರಿಸಿ, ಸೆಕ್ಷನಿನವರು ರಜೆಯಲ್ಲಿದ್ದಾರೆ ಎಂದರು. ಕನ್ನಡದಲ್ಲಿ ಮೂರು ಅರ್ಜಿ ಬರೆದೆ. ಒಂದಕ್ಕೆ ಉತ್ತರ ಬಂತು, ಮಲಯಾಳದಲ್ಲಿ. ಪುನಃ ದಿನಸಿ ಅಂಗಡಿ, ಪುನಃ ತಕ್ಕಡಿ. "ನಿಯಮದ ಪ್ರಕಾರವೇ ಕ್ರಮ ಕೈಗೊಳ್ಳಲಾಗಿದೆ." ಯಾವ ನಿಯಮ? ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಸಲ್ಲಿಸಬಹುದು, ನಿಜ. ಓದುವವರು ಯಾರು ಎಂಬುದು ಬೇರೆ ಪ್ರಶ್ನೆ. ನನ್ನ ಮೊದಲ ಬೇಡಿಕೆ ಇದು, ರಕ್ಷಕರು ಸಹಿ ಹಾಕಬೇಕಾದ ಕಾಗದ ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲಿ ಬರಲಿ.

ಊರಲ್ಲಿ ಕೆಲವರು, "ಸಿಂಗಾಪುರಕ್ಕೆ ಹೋಗಿ ಎಂತ ನೋಡ್ಲಿಕ್ಕುಂಟು, ಮಾರಾಯ್ರೆ? ಬೆಂಗಳೂರು ಇಲ್ವಾ?" ಎನ್ನುತ್ತಾರೆ. ನಾನೂ ಮೊದಲು ಹಾಗೇ ಹೇಳಿದ್ದೆ. ಮಗಳು ಅಲ್ಲಿನ ಬ್ಲಾಕ್ 71 ಎಂಬ ಕಟ್ಟಡದ ಬಗ್ಗೆ ಹೇಳಿದಳು. ಹಳೆಯ ಕಾರ್ಖಾನೆ ಕಟ್ಟಡವಂತೆ, ಕೆಡವಲಿಕ್ಕೆ ಇಟ್ಟಿದ್ದನ್ನು 2011ರಲ್ಲಿ ಸ್ಟಾರ್ಟಪ್‌ಗಳಿಗೆ ಬಿಟ್ಟುಕೊಟ್ಟರಂತೆ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದವರು 2000ದ ದಶಕದ ಆರಂಭದಿಂದಲೇ ತಮ್ಮ ಮಕ್ಕಳನ್ನು ಹೊರದೇಶದ ಸಣ್ಣ ಕಂಪೆನಿಗಳಿಗೆ ತಿಂಗಳುಗಟ್ಟಲೆ ಕೆಲಸಕ್ಕೆ ಕಳುಹಿಸುತ್ತಾರೆ. ನೋಡಿ ಬರುವುದಲ್ಲ, ಅಲ್ಲಿ ಕೂತು ದುಡಿಯುವುದು. ಹಾಗಿರುವಾಗ ಎಂಟು ದಿನದಲ್ಲಿ ಎಂತ ಕಲಿಯುತ್ತಾರೆ ಎಂಬ ಸಂಶಯ ನನಗೆ ಈಗಲೂ ಉಂಟು. ಆದರೆ ಅವಳಿಗೆ ಬೇಕಿದ್ದದ್ದು ಕಟ್ಟಡ ಅಲ್ಲ. ಒಂದು ಡಬ್ಬಿ ಮಾಡಲು ಅವಳಿಗೆ ಬರುತ್ತದೆ, ಸಾವಿರ ಡಬ್ಬಿ ಮಾಡಿಸಿ ಮಾರುವುದು ಹೇಗೆಂದು ಹೇಳಿಕೊಡುವವರು ನಮ್ಮ ಬದಿಯಡ್ಕ ಪೇಟೆಯಲ್ಲಿ ಇಲ್ಲ. ಅಂತಹ ಕೆಲಸ ಮಾಡಿದವರ ಎದುರು ಕೂತು ತನ್ನ ಡಬ್ಬಿ ತೋರಿಸಲು ಅವಳಿಗೆ ಅರ್ಧ ಗಂಟೆ ಗೊತ್ತುಮಾಡಿದ್ದರು. ಆ ಅರ್ಧ ಗಂಟೆ ಖಾಲಿ ಹೋಯಿತು.

ನಮ್ಮ ಸರಕಾರ ಈ ವಿಷಯದಲ್ಲಿ ಜಿಪುಣತನ ಮಾಡಿದೆ ಎನ್ನುವಂತಿಲ್ಲ. ಉದ್ಯಮ ಮಾಡುವ ವಿದ್ಯಾರ್ಥಿಗಳಿಗೆ ಹಾಜರಾತಿಯಲ್ಲಿ ಶೇ. 20 ವಿನಾಯಿತಿ, ಶೇ. 4 ಗ್ರೇಸ್ ಮಾರ್ಕು ಕೊಟ್ಟವರು ನೀವೇ. ಸರಕಾರದ ಸ್ಟಾರ್ಟಪ್ ಮಿಷನ್ನು ಕಾಲೇಜು ಕಾಲೇಜಿಗೆ ಐಇಡಿಸಿ ಎಂಬ ಉದ್ಯಮಶೀಲತೆಯ ಕೇಂದ್ರ ತೆರೆದಿದೆ. ಹತ್ತು ವರ್ಷ ಹಿಂದೆಯೇ ಕೇರಳದ ಮಕ್ಕಳು ಸಿಲಿಕಾನ್ ವ್ಯಾಲಿ ನೋಡಿ ಬಂದಿದ್ದಾರೆ. ಇಷ್ಟೆಲ್ಲ ಆಗುತ್ತದೆ, ಒಂದು ಪುಟದ ಫಾರ್ಮನ್ನು ಕನ್ನಡಕ್ಕೆ ಮಾಡಿಸಲು ಮಾತ್ರ ಆಗುವುದಿಲ್ಲ!

ಪ್ರವಾಸ ಮುಗಿಸಿ ಬಂದ ಅಧ್ಯಾಪಕರು, ಮಕ್ಕಳು ಸಿಂಗಾಪುರದ ನೋಟು ಮುಟ್ಟಿಯೇ ಮುಟ್ಟಿರುತ್ತಾರೆ. ಆ ನೋಟಿನ ಮೇಲೆ ದೇಶದ ಹೆಸರು ನಾಲ್ಕು ಭಾಷೆಯಲ್ಲಿದೆ, ಇಂಗ್ಲಿಷ್, ಮಲಾಯ್, ಚೀನೀ, ತಮಿಳು. ಅಲ್ಲಿ ತಮಿಳರು ಎಷ್ಟು ಮಂದಿ, ಕಡಿಮೆಯೇ. ಆದರೂ ನಾಲ್ಕೂ ಅಧಿಕೃತ ಭಾಷೆ. ಅಧ್ಯಯನ ಪ್ರವಾಸದ ವರದಿಯಲ್ಲಿ ಇದನ್ನು ಯಾರಾದರೂ ಬರೆದಿದ್ದಾರೆಯೇ? ಬರೆದಿದ್ದರೆ ಅದರದ್ದೂ ಒಂದು ಪ್ರತಿ ತರಿಸಿಕೊಳ್ಳುತ್ತೇನೆ, 10 ರೂಪಾಯಿಯ ಸ್ಟ್ಯಾಂಪು ಇನ್ನೂ ಉಂಟು.

"ನಿಮ್ಮ ಮಕ್ಕಳಿಗೆ ಮಲಯಾಳ ಕಲಿಸಲು 2017ರಲ್ಲೇ ಕಾನೂನು ಬಂದಿದೆಯಲ್ಲ" ಎಂದು ನೀವು ಹೇಳಬಹುದು. ಮಕ್ಕಳ ಸಂಗತಿ ನಾನು ಕೇಳುತ್ತಿಲ್ಲ. ಮಗಳು ನಿಮ್ಮ ಲಿಪಿ ಓದುತ್ತಾಳೆ, ಸಹಿ ಹಾಕಬೇಕಾದವನು ಅಪ್ಪ. ಅಪ್ಪನನ್ನು ಪುನಃ ಒಂದನೇ ಕ್ಲಾಸಿಗೆ ಸೇರಿಸುತ್ತೀರಾ? 2021ರಲ್ಲಿ ಮಂಜೇಶ್ವರದ ಶಾಸಕರು ನಿಮ್ಮ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು, ಟಿವಿಯಲ್ಲಿ ನೋಡಿ ನಾವೆಲ್ಲ ಹಿಗ್ಗಿದೆವು. ಸದನಕ್ಕೆ ಹಿಡಿಸಿದ ಭಾಷೆ ಒಂದು ಹಾಳೆಗೆ ಹಿಡಿಸುವುದಿಲ್ಲವೇ?

ಆದ್ದರಿಂದ ಪುನಃ ಹೇಳುತ್ತೇನೆ. ಕಾಸರಗೋಡಿನ ಮಕ್ಕಳ ರಕ್ಷಕರಿಗೆ ಬರುವ ಸಮ್ಮತಿಪತ್ರ ಕನ್ನಡದಲ್ಲಿ ಇರಲಿ. ವಿದೇಶ ಪ್ರವಾಸದ್ದು ಮಾತ್ರ ಅಲ್ಲ, ಆಸ್ಪತ್ರೆಯದ್ದು, ಹಾಸ್ಟೆಲಿನದ್ದು, ಎಲ್ಲವೂ. ಮುಂದಿನ ಪ್ರವಾಸ ಫೆಬ್ರವರಿಯಲ್ಲಿ ಎಂದು ಕೇಳಿದ್ದೇನೆ. ಮಗಳಿಗೆ ಅದರಲ್ಲಿ ಸೀಟು ಕೊಡಿಸಿ. ಹೊಸದಾಗಿ ಕೊಡಬೇಡಿ, ಅವಳು ಗೆದ್ದದ್ದನ್ನೇ ವಾಪಸು ಕೊಡಿ. ಮತ್ತು ಫಾರ್ಮು ಕನ್ನಡದಲ್ಲಿ ಬರಲಿ.

ಇದರ ಜೊತೆ ನಾನು ಸಹಿ ಹಾಕಿದ ಆ ಫಾರ್ಮಿನ ಪ್ರತಿ, ಡಿಡಿಯ ಪ್ರತಿ, ಮೂರು ಅರ್ಜಿ ಇಟ್ಟಿದ್ದೇನೆ. ನಿಮ್ಮ ಉತ್ತರ ಮಲಯಾಳದಲ್ಲಿ ಬಂದರೆ ದಿನಸಿ ಅಂಗಡಿಯ ಸ್ನೇಹಿತರು ಓದಿ ಹೇಳುತ್ತಾರೆ. ಶುಕ್ರವಾರ ಮಧ್ಯಾಹ್ನ ಮಾತ್ರ ಅವರ ಅಂಗಡಿ ಮುಚ್ಚಿರುತ್ತದೆ.

ಇತಿ,
ಬಲಗಡೆಯ ಚೌಕದಲ್ಲಿ ಸಹಿ ಹಾಕಿದ ಒಬ್ಬ ತಂದೆ,
ಬದಿಯಡ್ಕ ಸಮೀಪ, ಕಾಸರಗೋಡು ಜಿಲ್ಲೆ