ಇಪ್ಪತ್ತೆಂಟು ಹಾಡುಗಳ ಹಿಂದಿನ ಪಿಯಾನೊ

ಪ್ರಿಯ ಗೆಳೆಯಾ,

ಸೇಂಟ್ ಲೂಯಿಸ್‌ನ ಡೆಲ್ಮಾರ್ ರಸ್ತೆಯಿಂದ ನೀನು ಕಳಿಸಿದ ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ ಚಕ್ ಬೆರ್ರಿಯ ಪ್ರತಿಮೆಯ ಫೋಟೊ ತಲುಪಿತು. ಎಂಟಡಿಯ ಕಂಚಿನ ಮನುಷ್ಯ, ಕೈಯಲ್ಲಿ ಗಿಟಾರು, ಸುತ್ತಮುತ್ತ ಮತ್ತಾರೂ ಇಲ್ಲ. ಅದನ್ನು ನೋಡಿದ ರಾತ್ರಿಯೇ, ಹಾಸ್ಟೆಲ್ಲಿನಲ್ಲಿ ಟೇಪು ಸವೆಯುವವರೆಗೆ ನಾವು ಕೇಳುತ್ತಿದ್ದ ಅವನ ಹಾಡುಗಳ ಸಂಕಲನ ‘ದಿ ಗ್ರೇಟ್ ಟ್ವೆಂಟಿ-ಎಯ್ಟ್’ ಹಾಕಿಕೊಂಡು ಕುಳಿತೆ.

ಚೆಸ್ ರೆಕಾರ್ಡ್ ಕಂಪನಿ 1982ರಲ್ಲಿ ಹೊರತಂದ ಈ ಸಂಕಲನದಲ್ಲಿ 1955ರಿಂದ 1965ರವರೆಗಿನ ಹತ್ತು ವರ್ಷಗಳ ಹಾಡುಗಳಿವೆ. ಮೊದಲನೆಯದು ‘ಮೇಬಲೀನ್’. ಮೂವತ್ತರ ಆಸುಪಾಸಿನಲ್ಲಿದ್ದ ಒಬ್ಬ ಮನುಷ್ಯ ಶಾಲೆ ಬಿಡುವ ಗಂಟೆಯನ್ನೂ ಕಾರಿನ ವೇಗವನ್ನೂ ಹದಿಹರೆಯದವರ ಚಡಪಡಿಕೆಯನ್ನೂ ಅಷ್ಟು ಬಿಗಿಯಾದ ಸಾಲುಗಳಲ್ಲಿ ಕಟ್ಟಿದ್ದು ನನಗೆ ಇಂದಿಗೂ ಅಚ್ಚರಿಯೇ. ಆ ಮಾತುಗಳು ಅವನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲ ನನ್ನ ಕಿವಿ ಗಿಟಾರನ್ನು ಬಿಟ್ಟು ಅದರ ಹಿಂದಿನ ಪಿಯಾನೊಕ್ಕೆ ಅಂಟಿಕೊಂಡಿತು.

ಆರಂಭದ ಹಾಡುಗಳಲ್ಲಿ ಆ ಪಿಯಾನೊ ನುಡಿಸಿದವನು ಜಾನಿ ಜಾನ್ಸನ್. 1952ರ ಡಿಸೆಂಬರ್ 31ರ ರಾತ್ರಿಯ ಕಾರ್ಯಕ್ರಮಕ್ಕೆ ತನ್ನ ತಂಡದ ಸ್ಯಾಕ್ಸೊಫೋನ್ ವಾದಕ ಕಾಯಿಲೆ ಬಿದ್ದಾಗ, ಆ ಜಾಗಕ್ಕೆ ಬೆರ್ರಿಯನ್ನು ಕರೆದವನು ಅವನೇ. ತಂಡ ಜಾನ್ಸನ್‌ನದು, ಬೆರ್ರಿ ಒಂದು ರಾತ್ರಿಯ ಅತಿಥಿ. ಮುಂದೆ ತಂಡವೇ ಬೆರ್ರಿಯದಾಯಿತು. ಆ ಹಾಡುಗಳಲ್ಲಿ ಬಹಳಷ್ಟು ನಿಂತಿರುವ ಶ್ರುತಿಗಳು ನಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಲೆಕ್ಕದಲ್ಲಿ ಕರಿ ಎರಡು ಮತ್ತು ಕರಿ ಐದು. ಗಿಟಾರ್ ಹಿಡಿದವನು ತಾನಾಗಿ ಆರಿಸಿಕೊಳ್ಳುವ ಶ್ರುತಿಗಳಲ್ಲ ಇವು, ಪಿಯಾನೊ ನುಡಿಸುವವನ ಕೈಗೆ ಒಗ್ಗಿದವು ಎಂದು ರೋಲಿಂಗ್ ಸ್ಟೋನ್ಸ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ವಾದಿಸಿದ್ದ. ‘ಮೇಬಲೀನ್’ ರೆಕಾರ್ಡಿನ ಹಿಂಬದಿಯಲ್ಲಿ ‘ವೀ ವೀ ಅವರ್ಸ್’ ಎಂಬ ನಿಧಾನದ ಬ್ಲೂಸ್ ಇತ್ತು, ಜಾನ್ಸನ್‌ನ ಬೆರಳುಗಳು ಮೊದಲಿನಿಂದ ಕೊನೆಯವರೆಗೆ ಮಾತಾಡುವ ಹಾಡು. ಇಪ್ಪತ್ತೆಂಟರ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ತನ್ನ ಕೆಲಸಕ್ಕೆ ತನ್ನ ಹೆಸರು ಸಿಗದ ನೋವು ಬೆರ್ರಿಗೂ ಗೊತ್ತಿಲ್ಲದ್ದಲ್ಲ. ‘ಮೇಬಲೀನ್’ ಬಂದಾಗ ರೇಡಿಯೊದ ಅಲನ್ ಫ್ರೀಡ್ ಸೇರಿದಂತೆ ಇನ್ನಿಬ್ಬರ ಹೆಸರುಗಳು ರಚನೆಕಾರರಾಗಿ ಸೇರಿಕೊಂಡಿದ್ದವು, ಆ ಹಾಡು ಪೂರ್ತಿಯಾಗಿ ಅವನ ಹೆಸರಿಗೆ ಮರಳಿದ್ದು 1986ರಲ್ಲಿ. ಜಾನ್ಸನ್ ಒಂದು ಕಾಲದಲ್ಲಿ ಸೇಂಟ್ ಲೂಯಿಸ್‌ನಲ್ಲಿ ಬಸ್ ಓಡಿಸಿಕೊಂಡಿದ್ದ. ರಚನೆಯಲ್ಲಿ ತನ್ನ ಪಾಲೂ ಇದೆ ಎಂದು 2000ದಲ್ಲಿ ಅವನು ಮೊಕದ್ದಮೆ ಹೂಡಿದ. ಕಾಲ ಮೀರಿಹೋಗಿದೆ ಎಂಬ ಕಾರಣಕ್ಕೆ 2002ರಲ್ಲಿ ಅದು ವಜಾ ಆಯಿತು.

ಕಾಲ ಮೀರಿದೆ ಎಂಬ ಈ ಮಾತು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕಳೆದ ತಿಂಗಳು ಇಲ್ಲಿ ಧಾರವಾಡದಲ್ಲಿ ನನಗೊಂದು ಸಣ್ಣ ಸನ್ಮಾನವಾಯಿತು. ನಮ್ಮ ಮಳೆಯ ಹಾಡನ್ನು ಹಾಡಿ ಮುಗಿಸಿದಾಗ ಎದುರಿಗೆ ಕುಳಿತಿದ್ದ ಹುಡುಗಿಯೊಬ್ಬಳು, ಇದರ ಧಾಟಿ ಯಾರದ್ದು ಎಂದು ಕೇಳಿದಳು. ನಾನೇ ಕಟ್ಟಿದ್ದು ಎಂದೆ. ತಡವರಿಸಲೂ ಇಲ್ಲ. ಪಲ್ಲವಿಯ ಎರಡನೆಯ ಸಾಲು ಎಲ್ಲಿಯೂ ಕೂರದೆ ನಾನು ಪುಸ್ತಕ ಮುಚ್ಚಿದ್ದ ಆ ಸಂಜೆ, ನೀನು ಎಡಗೈಯಲ್ಲಿ ತಿದಿ ಒತ್ತುತ್ತ, ಅಂಟಿಕೊಳ್ಳುತ್ತಿದ್ದ ಮಧ್ಯಮದ ಮನೆಯನ್ನು ಉಗುರಿನಿಂದ ಮೇಲೆತ್ತಿ, ಆ ಸ್ವರವನ್ನು ಹಾರಿಸಿಯೇ ಸಾಲನ್ನು ಪಂಚಮಕ್ಕೆ ಒಯ್ದೆ. ಕೇಳಿದವರೆಲ್ಲ ಮೆಚ್ಚುವುದು ಆ ಜಿಗಿತವನ್ನೇ. ಇಪ್ಪತ್ತು ವರ್ಷಗಳಿಂದ ಸಾಹಿತ್ಯ, ಸಂಗೀತ, ಗಾಯನ ಎಂಬ ಮೂರೂ ಪದಗಳ ಮುಂದೆ ನನ್ನ ಹೆಸರೊಂದೇ ಇದೆ. ನೀನು ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದುದನ್ನೇ ನಾನು ಒಪ್ಪಿಗೆ ಎಂದುಕೊಂಡುಬಿಟ್ಟೆ.

ಈ ಪತ್ರವನ್ನು ಎಲ್ಲರೂ ಓದುವ ಕಡೆ ಹಾಕುತ್ತಿರುವುದಕ್ಕೆ ಬೇಸರಿಸಬೇಡ. ನಾನು ಸುಳ್ಳು ಹೇಳಿದ್ದು ಸಭೆಯಲ್ಲಿ, ನಿನ್ನೊಬ್ಬನ ಕಿವಿಯಲ್ಲಿ ತಿದ್ದಿಕೊಂಡರೆ ಸಾಲದು. ಮಳೆಯ ಹಾಡಿನ ಧಾಟಿ ನನ್ನದಲ್ಲ, ನನ್ನ ಈ ಗೆಳೆಯನದು.

ಪ್ರತಿಮೆಯ ಬಗ್ಗೆ ನಾಲ್ಕು ಸಾಲು ಬರೆಯಲು ಕುಳಿತವನು ಎಲ್ಲಿಗೋ ಬಂದೆ, ಇರಲಿ. ನಿನ್ನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ, ಮಧ್ಯಮ ಈಗಲೂ ಅಂಟಿಕೊಳ್ಳುತ್ತದೆ, ರಿಪೇರಿಗೆ ಕೊಡಲು ಮನಸ್ಸಾಗಲಿಲ್ಲ. ಡಿಸೆಂಬರಿನಲ್ಲಿ ಬಂದಾಗ ಲೈನ್ ಬಜಾರಿನ ಪೇಢೆ ನನ್ನ ಲೆಕ್ಕದಲ್ಲಿ. ಮೂರನೆಯ ಛತ್ರಿಯ ವಿಷಯವನ್ನು ಮಾತ್ರ ಮನೆಯಲ್ಲಿ ಎತ್ತಬೇಡ.

ನಿನ್ನವನು